ಕೋಟೆ ಒಡೆಯಬೇಡಿ, ದಿಡ್ಡಿ ಬಾಗಿಲು ತೋರಿಸಿ

ಮಂಡ್ಯದ ಲೇಖಕಿಯವರಿಗೆ ನಮಸ್ಕಾರ.

ಔಷಧಗಳು ದೇಹದ ತಡೆಗಳನ್ನು ದಾಟುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಬರೆಯುವ ಕೈ ನಿಮಗಿದೆ, ಅದಕ್ಕೇ ಕಾರಣ ಬಿಡಿಸಿ ಹೇಳುತ್ತೇನೆ.

ದೇಹವನ್ನು ಶ್ರೀರಂಗಪಟ್ಟಣದ ಕೋಟೆಗೆ ಹೋಲಿಸಿ, ನ್ಯಾನೊ ಕಣಗಳನ್ನು 1799ರ ತೋಪುಗಳ ಹಾಗೆ ನುಗ್ಗಿಸಿದ್ದೀರಿ. ಕಣ್ಣಿಗೆ ಕಟ್ಟುತ್ತದೆ, ಆದರೆ ತಪ್ಪು. ಕರುಳಿನ ಒಳಪೊರೆ ಒಡೆದರೆ ಔಷಧದ ಬೆನ್ನಿಗೇ ರೋಗಾಣುಗಳೂ ಒಳಬರುತ್ತವೆ. ಔಷಧ ವಿಜ್ಞಾನಿಗಳು ಹೆಚ್ಚಾಗಿ ಹುಡುಕುವುದು ಕೋಟೆಯ ದಿಡ್ಡಿ ಬಾಗಿಲನ್ನು.

‘ನಿಕೋಟಿನ್ ಪ್ಯಾಚ್‌ನಂತೆ ಇನ್ಸುಲಿನ್ ಪ್ಯಾಚ್ ಅಂಟಿಸಿಕೊಂಡರಾಯಿತು’ ಎಂದಿದ್ದೀರಿ. ಆಗುವುದಿಲ್ಲ. ಚರ್ಮದ ತೀರಾ ಹೊರಗಿನ ಪದರ ಬರೀ 10ರಿಂದ 20 ಮೈಕ್ರೊಮೀಟರ್ ದಪ್ಪ. ಆದರೂ 500 ಡಾಲ್ಟನ್ (ಅಣುವಿನ ತೂಕದ ಅಳತೆ) ಮೀರಿದ ಅಣುಗಳನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ನಿಕೋಟಿನ್ 162, ಇನ್ಸುಲಿನ್ ಸುಮಾರು 5,800. ಈ ಅಂಕಿಗಳನ್ನು ಹಾಕಿ, ‘ಅದ್ಭುತ’, ‘ಕ್ರಾಂತಿಕಾರಿ’ಗಳನ್ನು ಹೊಡೆದುಹಾಕಿ.

ಲೇಖನದ ಜೀವ ಐದನೇ ಪುಟದ ಒಂದೇ ಸಾಲಲ್ಲಿ ಅಡಗಿ ಕೂತಿದೆ: ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ. ಅಲ್ಲಿಂದಲೇ ಶುರು ಮಾಡಿ. ಮಿದುಳಿಗೆ ಬೇಕಿರುವುದು ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್, ಆದರೆ ರಕ್ತದಿಂದ ಮಿದುಳಿಗೆ ಹೋಗುವುದನ್ನು ಸೋಸುವ ರಕ್ತ-ಮಿದುಳಿನ ತಡೆಯನ್ನು ಅದು ದಾಟದು. ಲೆವೊಡೋಪಾ ಅಮೈನೊ ಆಮ್ಲಗಳನ್ನು ಸಾಗಿಸುವ ವಾಹಕ ಪ್ರೋಟೀನನ್ನು ಹಿಡಿದು ಒಳಹೊಕ್ಕು, ಆಮೇಲೆ ಡೋಪಮೈನ್ ಆಗುತ್ತದೆ. ದಾರಿಯಲ್ಲೇ ಆಗಿಬಿಟ್ಟರೆ ಓಕರಿಕೆ. ಮಿದುಳಿಗೆ ಸಿಗುವುದು ಚೂರುಪಾರು. ಅದಕ್ಕೇ 100 ಮಿಲಿಗ್ರಾಂ ಲೆವೊಡೋಪಾ ಜೊತೆ ಅದೇ ಮಾತ್ರೆಯಲ್ಲಿ 10 ಇಲ್ಲವೇ 25 ಮಿಲಿಗ್ರಾಂ ಕಾರ್ಬಿಡೋಪಾ ಇರುತ್ತದೆ. ತಾನು ಮಿದುಳಿಗೆ ಹೋಗದ ಇದು, ಹೊರಗಾಗುವ ಪರಿವರ್ತನೆಯನ್ನಷ್ಟೇ ತಡೆಯುತ್ತದೆ.

ಇನ್ನು ಊಟದ ಮಾತು. ನಿಮ್ಮೂರಿನ ಓದುಗರು ಕಿವಿ ನಿಮಿರಿಸುವುದು ಇಲ್ಲೇ. ಬಾಡೂಟವೋ, ಮುದ್ದೆಗೆ ಅವರೆಕಾಳು ಸಾರೋ ಉಂಡ ಬೆನ್ನಿಗೇ ಮಾತ್ರೆ ನುಂಗಿದರೆ, ಪ್ರೋಟೀನಿನಿಂದ ಬಂದ ಅಮೈನೊ ಆಮ್ಲಗಳು ಕರುಳಲ್ಲೂ ಮಿದುಳಿನ ಬಾಗಿಲಲ್ಲೂ ಅದೇ ಬಗೆಯ ವಾಹಕಗಳಿಗೆ ಮುಗಿಬೀಳುತ್ತವೆ. ಮಾತ್ರೆ ತಡವಾಗಿ ಹತ್ತುತ್ತದೆ, ಕೆಲವರಿಗೆ ಸರಿಯಾಗಿ ಹತ್ತುವುದೇ ಇಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲೇ ತಗೊಳ್ಳಿ ಎಂದು ಹಲವರಿಗೆ ಹೇಳುವುದು ಇದಕ್ಕೇ. ‘ಕಾಳು, ಮಾಂಸ ಬಿಟ್ಟುಬಿಡಿ’ ಎಂದು ಮಾತ್ರ ಬರೆಯಬೇಡಿ. ಹೊತ್ತು ಬದಲಿಸುವುದು ವೈದ್ಯರನ್ನು ಕೇಳಿಯೇ ಎಂದು ಸೇರಿಸಿ.

‘ಜೈವಿಕ ಪ್ರತಿಬಂಧಕ ವ್ಯವಸ್ಥೆ’ಗೆ ‘ತಡೆ’ ಸಾಕು. ಇತಿಹಾಸದ ಎರಡು ಪುಟ ತೆಗೆಯಿರಿ. ಚಿತ್ರ ಒಂದೇ ಇರಲಿ: ವಾಹಕದ ಮುಂದೆ ಲೆವೊಡೋಪಾ, ಅಮೈನೊ ಆಮ್ಲಗಳ ಕ್ಯೂ. 900 ಪದ ಮೀರದಂತೆ ತಿದ್ದಿ ಕಳಿಸಿ.

ಸಂಪಾದಕ, ಮೈಸೂರು