ಮಸ್ಕಿಯಲ್ಲಿ 213 ಮತಗಳ ಸೋಲು 30,606 ಮತಗಳ ಗೆಲುವಾದದ್ದು ಹೇಗೆ?

ನೀವು ಕೇಳಿದ್ದು: "ಮಸ್ಕಿ ಕ್ಷೇತ್ರದ ರಾಜಕೀಯ 1952ರಿಂದ ಹೇಗಿತ್ತು? ಅದೇ ಇಬ್ಬರು ಪಕ್ಷ ಅದಲುಬದಲು ಮಾಡಿಕೊಂಡು ಮತ್ತೆ ಎದುರಾದದ್ದು ನಿಜವಾ?"

ಎರಡನೆಯದು ನಿಜ. ಮೊದಲನೆಯದಕ್ಕೆ ಉತ್ತರ ಸಣ್ಣದು, ಯಾಕಂದ್ರೆ 2008ಕ್ಕೆ ಮುಂಚೆ ಮಸ್ಕಿ ಅನ್ನೋ ಕ್ಷೇತ್ರವೇ ಇರಲಿಲ್ಲ. ನಮ್ಮ ಹಳ್ಳಿಗಳು ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದವು. ಕ್ಷೇತ್ರ ಮರುವಿಂಗಡಣೆಯಲ್ಲಿ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಕೂಡಿಸಿ ಮಸ್ಕಿ ಮಾಡಿದರು. ತಾಲ್ಲೂಕು ಬಂದದ್ದು ಅದಕ್ಕೂ ಹತ್ತು ವರ್ಷ ತಡವಾಗಿ. ಜಿಲ್ಲೆ ರಾಯಚೂರು, ಆದರೆ ಸಂಸದರನ್ನು ಆರಿಸುವಾಗ ನಾವು ಕೊಪ್ಪಳದವರು. ಹೊರಗಿನವರಿಗೆ ಇದನ್ನು ಹೇಳಿ ಅರ್ಥ ಮಾಡಿಸುವಷ್ಟರಲ್ಲಿ ಚಹಾ ಆರಿಹೋಗುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಮುಗಿಸಿಬಿಡ್ತೀನಿ. ಇದು ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಇಲ್ಲಿನ ಇಬ್ಬರು ಮುಖ್ಯ ಅಭ್ಯರ್ಥಿಗಳು ಪ್ರತಾಪಗೌಡ ಪಾಟೀಲ ಮತ್ತು ಬಸನಗೌಡ ತುರ್ವಿಹಾಳ. ಹೆಸರಲ್ಲಿ ಗೌಡ ಇದೆ, ಮೀಸಲು ಹೇಗೆ ಅಂತ ಬೆಂಗಳೂರಿನವರು ಕೇಳುತ್ತಾರೆ. ನಮ್ಮ ಕಡೆ ನಾಯಕ ಸಮಾಜದವರಲ್ಲೂ ಗೌಡರಿದ್ದಾರೆ, ಅಷ್ಟೇ. ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ನಾಲ್ಕು ಪರಿಶಿಷ್ಟ ಪಂಗಡಕ್ಕೆ, ಒಂದು ಪರಿಶಿಷ್ಟ ಜಾತಿಗೆ ಮೀಸಲು.

ನನ್ನದು ಮಸ್ಕಿ ಹತ್ತಿರ ಗೊಬ್ಬರ-ಬೀಜದ ಅಂಗಡಿ. ರಾಜಕೀಯ ಮಾತಾಡದೆ ಒಂದು ಚೀಲ ಯೂರಿಯಾ ಹೊರಗೆ ಹೋಗಲ್ಲ. ಹಾಗಾಗಿ ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು ಸೇರಿಸಿ ಹೇಳ್ತೀನಿ.

2008ರಲ್ಲಿ ಪ್ರತಾಪಗೌಡರು ಬಿಜೆಪಿಯಿಂದ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿಗೆ ಬಂದು ಗೆದ್ದರು. 2018ರಲ್ಲಿ ಮತ್ತೆ ಕಾಂಗ್ರೆಸ್ಸಿಂದಲೇ ಗೆದ್ದರು, ಆದರೆ ಬಿಜೆಪಿಯ ಬಸನಗೌಡರ ಮೇಲೆ ಬರೀ 213 ಮತಗಳಿಂದ: 60,387 ಮತ್ತು 60,174. ಒಂದು ಓಣಿಯ ಮಂದಿ ಮನಸ್ಸು ಬದಲಿಸಿದ್ದರೆ ಕಥೆ ಬೇರೆ ಇರ್ತಿತ್ತು. ಸೋತವರು ಫಲಿತಾಂಶ ಪ್ರಶ್ನಿಸಿ ಹೈಕೋರ್ಟಿಗೆ ಹೋದರು.

2019ರ ಜುಲೈನಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬೀಳಿಸಿದ 17 ಶಾಸಕರಲ್ಲಿ ಪ್ರತಾಪಗೌಡರೂ ಒಬ್ಬರು. ಸ್ಪೀಕರ್ ಅನರ್ಹಗೊಳಿಸಿದರು. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ಆಗಿ ಬಿಜೆಪಿ 12 ಗೆದ್ದಿತು. ಮಸ್ಕಿಗೆ ಮಾತ್ರ ಆಗಲಿಲ್ಲ, ಆ ಹಳೇ ಕೇಸು ಅಡ್ಡ ನಿಂತಿತ್ತು. ರಾಜರಾಜೇಶ್ವರಿ ನಗರಕ್ಕೂ ಹೀಗೇ ಕೇಸಿನ ತೊಡಕಿತ್ತು, ಆದರೆ ಅಲ್ಲಿ 2020ರ ನವೆಂಬರಿನಲ್ಲೇ ಮತದಾನ ಆಯಿತು. ನಮಗೆ 2021ರ ಏಪ್ರಿಲ್ 17. ಲೆಕ್ಕ ಹಾಕಿ ನೋಡಿ, ಸುಮಾರು 21 ತಿಂಗಳು ನಮಗೆ ಶಾಸಕರೇ ಇರಲಿಲ್ಲ.

ಆ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತ ಪ್ರತಾಪಗೌಡರು ಸೋತಾಗ ಟಿವಿಯವರು 'ಪಕ್ಷಾಂತರಿಗೆ ಪಾಠ' ಅಂದರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಪಕ್ಷ ಬಿಟ್ಟದ್ದಕ್ಕೇ ಸಿಟ್ಟಾಗಿದ್ದರೆ ಮಂದಿ 2013ರಲ್ಲೇ ಸೋಲಿಸಬೇಕಿತ್ತಲ್ವಾ? ಆಗ ಅವರು ಪಕ್ಷ ಬದಲಿಸಿ ನೇರವಾಗಿ ಮತ ಕೇಳೋಕೆ ಬಂದಿದ್ದರು, ಮಂದಿ ಕೊಟ್ಟರು. ಈ ಸಲ ನಡುವೆಯೇ ಕುರ್ಚಿ ಖಾಲಿಯಾಯಿತು. ಸರ್ಕಾರದ ಗಂಗಾ ಕಲ್ಯಾಣ ಯೋಜನೆಯ ಬೋರ್‌ವೆಲ್ ಯಾರಿಗೆ ಅನ್ನೋದನ್ನು ತೀರ್ಮಾನ ಮಾಡೋ ಸಮಿತಿಗೆ ಶಾಸಕರೇ ಅಧ್ಯಕ್ಷರು. ಶಾಸಕರೇ ಇಲ್ಲದಾಗ ಪಟ್ಟಿ ಯಾರ ಕೈಯಲ್ಲಿದೆ ಅಂತ ತಿಳಿಯದೆ ಅರ್ಜಿ ಹಿಡಿದು ಆಫೀಸು ಸುತ್ತಿದವರು ನನ್ನ ಅಂಗಡಿ ಕಟ್ಟೆ ಮೇಲೆ ಕೂತು ಬೈದಿದ್ದು ನನಗೆ ನೆನಪಿದೆ.

ಅದಕ್ಕಿಂತ ದೊಡ್ಡದು ನೀರು. ಈ ಕ್ಷೇತ್ರಕ್ಕೆ ಎರಡು ಮುಖ. ತುಂಗಭದ್ರಾ ಎಡದಂಡೆ ಕಾಲುವೆ ಹಾಯೋ ಕಡೆ ಭತ್ತ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ರೈಸ್ ಮಿಲ್ಲು. ಅಲ್ಲಿಯೂ ಕೆಳಭಾಗದವರಿಗೆ ನೀರು ಮುಟ್ಟುತ್ತೋ ಇಲ್ಲವೋ ಅಂತ ಪ್ರತಿ ವರ್ಷ ಜಗಳ. ಇನ್ನೊಂದು ಕಡೆ ಮಳೆ ನಂಬಿದ ಜೋಳ, ಸಜ್ಜೆ, ತೊಗರಿ. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ. ಈ ಒಣಭೂಮಿಯವರು ಕೇಳಿದ್ದು ಕೃಷ್ಣಾ ನದಿಯ ನಾರಾಯಣಪುರ ಜಲಾಶಯದ ಬಲದಂಡೆಯ 5ಎ ಕಾಲುವೆ. 2020ರ ಕೊನೆಗೆ ಪಾಮನಕಲ್ಲೂರಿನಲ್ಲಿ ಧರಣಿ ಕೂತರು. ನೂರು ದಿನ ದಾಟಿದರೂ ಏಳಲಿಲ್ಲ. ಸರ್ಕಾರ ಏತ ನೀರಾವರಿ ಮಾಡಿಕೊಡ್ತೀವಿ ಅಂದಿತು, ಇವರು ಕಾಲುವೆಯೇ ಬೇಕು ಅಂದರು. ಉಪಚುನಾವಣೆ ಬಂದದ್ದು ಈ ಧರಣಿಯ ಬೆನ್ನಿಗೇ.

ಅಷ್ಟರಲ್ಲಿ ಬಸನಗೌಡರು ಬಿಜೆಪಿ ಸರ್ಕಾರ ಕೊಟ್ಟಿದ್ದ ತುಂಗಭದ್ರಾ ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಅಧ್ಯಕ್ಷಗಿರಿ ಬಿಟ್ಟು ಕಾಂಗ್ರೆಸ್ ಸೇರಿದ್ದರು. ಪ್ರತಾಪಗೌಡರು ಬಿಜೆಪಿ ಟಿಕೆಟ್ಟಿನಲ್ಲಿ ನಿಂತರು. ಪ್ರಚಾರಕ್ಕೆ ಮಂತ್ರಿಗಳ ದಂಡೇ ಬಂತು. ಇನ್ನೊಂದು ಕಡೆ ಕೆಲವು ಊರುಗಳಲ್ಲಿ ಮಂದಿ ತಾವೇ ಚಂದಾ ಎತ್ತಿ ಬಸನಗೌಡರಿಗೆ ದುಡ್ಡು ಕೊಟ್ಟರು. ಚುನಾವಣೆಯಲ್ಲಿ ದುಡ್ಡು ಆ ದಿಕ್ಕಿಗೆ ಹರಿದದ್ದು ನಾನಂತೂ ಹಿಂದೆ ನೋಡಿರಲಿಲ್ಲ.

ಮತದಾನದ ಹಿಂದಿನ ದಿನ ನಮ್ಮ ಕಾಕಾ ಅಂಗಡಿಗೆ ಬಂದಿದ್ದರು. ಮಾಸ್ಕು ಗದ್ದಕ್ಕೆ ಜಾರಿತ್ತು. ಓದು ಬರಹ ಇಲ್ಲ, ಗುರುತು ನೋಡಿಯೇ ಒತ್ತುವವರು.

"ತಮ್ಮಾ, ಹೋದ ಸಲ ಕಮಲದಾಗ ಇದ್ದಾಂವ ಕೈಗೆ ಬಂದಾನ, ಕೈಯಾಗ ಇದ್ದಾಂವ ಕಮಲಕ್ಕ ಹೋಗ್ಯಾನ. ಹೌದಲ್ಲೋ?"

"ಹೌದು ಕಾಕಾ."

"ಹಂಗಾದ್ರ ನಾನು ಹೋದ ಸಲ ಒತ್ತಿದ ಗುರ್ತು ಒತ್ತಬಾರ್ದು. ಹೋದ ಸಲ ಒತ್ತಿದ ಮನಷ್ಯಾಗ ಒತ್ಬೇಕು." ಅಂದವರು ಎರಡು ಸಲ ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಂಡರು. ನಂಗೆ ನಗು ತಡೆಯೋಕೆ ಆಗಲಿಲ್ಲ.

ಮೇ 2ಕ್ಕೆ ಎಣಿಕೆ. ಬಸನಗೌಡರಿಗೆ 86,337, ಪ್ರತಾಪಗೌಡರಿಗೆ 55,731. ಅದೇ ದಿನ ಎಣಿಕೆಯಾದ ಬಸವಕಲ್ಯಾಣದ ಉಪಚುನಾವಣೆಯನ್ನು ಬಿಜೆಪಿಯೇ ಗೆದ್ದಿತ್ತು. ಹಾಗಾಗಿ ಇದನ್ನು ರಾಜ್ಯದ ಗಾಳಿ ಅನ್ನೋಕೂ ಬರಲ್ಲ. 2023ರಲ್ಲಿ ಅದೇ ಜೋಡಿ, ಅದೇ ಪಕ್ಷಗಳು. ಬಸನಗೌಡರೇ ಗೆದ್ದರು, ಅಂತರ ಮಾತ್ರ 13,053ಕ್ಕೆ ಇಳಿಯಿತು. ಖಾಲಿ ಕುರ್ಚಿಯ ಸಿಟ್ಟು ಅಷ್ಟೊತ್ತಿಗೆ ತಣ್ಣಗಾಗಿತ್ತು ಅಂತ ನನ್ನ ಲೆಕ್ಕ.

ನೀವು ಇದರ ಬಗ್ಗೆ ಬರೆಯುವವರಾದರೆ ಒಂದು ಮಾತು. ಸುಮ್ನೆ ಒಟ್ಟು ಮತ ನೋಡಬೇಡಿ. ಚುನಾವಣಾ ಆಯೋಗದ ಫಾರ್ಮ್ 20ರಲ್ಲಿ ಬೂತ್‌ವಾರು ಮತ ಸಿಗುತ್ತೆ. 2018 ಮತ್ತು 2021ರದ್ದು ಪಕ್ಕಪಕ್ಕ ಇಟ್ಟು, ಪಾಮನಕಲ್ಲೂರು ಸುತ್ತಿನ ಬೂತುಗಳಿಂದ ಶುರು ಮಾಡಿ.