ಓದುಗರ ಪ್ರಶ್ನೆ: ಸ್ಕಾಟ್‌ಲೆಂಡಿನ ಕೋಟೆಗಳಿಗೆ ಒಂದೇ ಪಾಸ್ ಸಾಕೇ?

ಪ್ರಶ್ನೆ: ಜೂನ್‌ನಲ್ಲಿ ಎಡಿನ್‌ಬರೋದ ಮಗಳ ಮನೆಗೆ ಹೋಗುತ್ತಿದ್ದೇವೆ. ಬಾಡಿಗೆ ಕಾರಿನಲ್ಲಿ ಹಳ್ಳಿಗಾಡಿನ ಕೋಟೆಗಳನ್ನು ನೋಡುವಾಸೆ. ಒಂದೇ ಪಾಸ್ ಎಲ್ಲೆಡೆ ನಡೆಯುತ್ತದೆಯೇ? ಅಲ್ಲಿನ ರಸ್ತೆ ಹೇಗೆ?
– ಓದುಗರು, ವಿರಾಜಪೇಟೆ

ಉತ್ತರ: ನಡೆಯುವುದಿಲ್ಲ, ಹಲವರು ಎಡವುವುದು ಇಲ್ಲೇ. ಸ್ಟರ್ಲಿಂಗ್, ಡೂನ್, ಅರ್ಕರ್ಟ್ ಕೋಟೆಗಳು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್‌ಲೆಂಡ್ ಸಂಸ್ಥೆಯವು. ಕಲ್ಲೇನ್, ಕ್ರೇಗಿವಾರ್ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್‌ಲೆಂಡ್ ಸಂಸ್ಥೆಯವು. ಡನಾಟರ್, ಐಲೀನ್ ಡೊನನ್ ಎರಡಕ್ಕೂ ಸೇರಿಲ್ಲ, ಟಿಕೆಟ್ ಬೇರೆ. ನೋಡುವ ಜಾಗಗಳ ಪಟ್ಟಿ ಮಾಡಿದ ಮೇಲೆಯೇ ಪಾಸ್ ಕೊಳ್ಳಿ. ಗೋಡೆಯ ಕಲ್ಲು ಸಡಿಲವಾಗಿದೆಯೇ ಎಂಬ ತಪಾಸಣೆಗಾಗಿ ಕೆಲವು ಪಾಳುಕೋಟೆಗಳನ್ನು ಭಾಗಶಃ ಮುಚ್ಚಿರುತ್ತಾರೆ. ಹೊರಡುವ ದಿನ ಜಾಲತಾಣ ನೋಡಿಕೊಳ್ಳಿ. ಮುಚ್ಚುವ ಸಮಯಕ್ಕೆ ಮೊದಲೇ ಪ್ರವೇಶ ನಿಲ್ಲುತ್ತದೆ.

ಅಲ್ಲೂ ಎಡಬದಿಯ ಚಾಲನೆ, ನಮ್ಮ ಲೈಸೆನ್ಸ್ 12 ತಿಂಗಳು ನಡೆಯುತ್ತದೆ. ಉತ್ತರದ ಗುಡ್ಡಗಾಡು ಹೈಲ್ಯಾಂಡ್ಸ್‌ನಲ್ಲಿ ಒಂದೇ ಗಾಡಿ ಹಿಡಿಸುವ ರಸ್ತೆಗಳುಂಟು. ಎದುರು ಗಾಡಿ ಬಂದಾಗ ದಾರಿಬಿಡುವ ಜಾಗ ಎಡಕ್ಕಿದ್ದರೆ ಒಳಸರಿಯಿರಿ; ಬಲಕ್ಕಿದ್ದರೆ ದಾಟಬೇಡಿ, ಅದರ ಎದುರು ಎಡದಲ್ಲೇ ನಿಲ್ಲಿ. ದಾರಿಬಿಡುವ ಜಾಗದಲ್ಲಿ ಪಾರ್ಕ್ ಮಾಡಕೂಡದು. ಮಡಿಕೇರಿ ಘಾಟಿ ಇಳಿದವರಿಗೆ ತಿರುವುಗಳ ಭಯವೇನಿಲ್ಲ ಬಿಡಿ.

ನಮ್ಮಲ್ಲಿ ಜಿಗಣೆಯಿದ್ದಂತೆ ಅಲ್ಲಿ ಮಿಜ್ ಎಂಬ ಪುಟ್ಟ ಕಚ್ಚುನೊಣ. ಗಾಳಿಯಿಲ್ಲದ ಮುಂಜಾನೆ, ಸಂಜೆ ಮುತ್ತುತ್ತದೆ. ತುಂಬುತೋಳಿನ ಅಂಗಿ ಇರಲಿ. ಸುರುಳಿ ಮೆಟ್ಟಿಲು ಸವೆದು ಜಾರುತ್ತವೆ, ಚಪ್ಪಲಿ ಬೇಡ.