ನಡುರಾತ್ರಿ ಇಳಿದವರಿಗೆ ಯಾವ ತಾರೀಖು?

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ಗುಳೇದಗುಡ್ಡದಿಂದ ಖಣ ತಂದು ಚಿತ್ರದುರ್ಗದಲ್ಲಿ ಮಾರುವುದು ನನ್ನ ಕಸುಬು. ಕಳೆದ ತಿಂಗಳು ಬಾದಾಮಿಯಲ್ಲಿ ರೈಲು ಹತ್ತಿ, 16ನೇ ತಾರೀಖು ಬೆಳಗಿನ ಜಾವ 2.40ಕ್ಕೆ ದಾವಣಗೆರೆಯಲ್ಲಿ ಇಳಿದೆ. ಹತ್ತು ಗಂಟೆಗೆ ಅಲ್ಲಿಯ ಬಟ್ಟೆ ಅಂಗಡಿಯವರನ್ನು ಕಾಣಬೇಕಿತ್ತು. ಅದಕ್ಕಾಗಿ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ 16ಕ್ಕೆ ರೂಮು ಕಾದಿರಿಸಿ ಹಣವನ್ನೂ ಕಟ್ಟಿದ್ದೆ. ‘ನಿಮ್ಮ ರೂಮು ಸಿಗುವುದು ಮಧ್ಯಾಹ್ನ 12ಕ್ಕೆ, ಈಗಲೇ ಬೇಕಿದ್ದರೆ 15ರ ಬಾಡಿಗೆಯನ್ನೂ ಕೊಡಿ’ ಎಂದರು. ಒಂಟಿ ಹೆಂಗಸು, ಜೊತೆಗೆ ಎರಡು ಗಂಟು; ಕೊಟ್ಟೆ. ದಿನಕ್ಕೆ 2,200ರಂತೆ, ತೆರಿಗೆ ಸೇರಿ ಒಟ್ಟು 4,620 ರೂಪಾಯಿ ಆಯಿತು. ಹನ್ನೊಂದೂವರೆಗೆಲ್ಲ ರೂಮು ಬಿಟ್ಟು ಬಸ್ಸು ಹತ್ತಿದೆ. ನಿಯಮ ನಿಯಮವೇ, ತಪ್ಪು ನನ್ನದೇ ಇರಬಹುದು. ಆದರೂ ಮನಸ್ಸಿಗೆ ಸಮಾಧಾನವಿಲ್ಲ.
— ಓದುಗರೊಬ್ಬರು, ಚಿತ್ರದುರ್ಗ

ಸಂಪಾದಕರ ಉತ್ತರ

ಪ್ರಿಯ ಸಹೋದರಿ, ನಿಮ್ಮ ಪತ್ರದ ಒಂದೊಂದು ಸಾಲನ್ನೂ ಒಪ್ಪಿದ್ದೇನೆ, ‘ತಪ್ಪು ನನ್ನದೇ ಇರಬಹುದು’ ಎಂಬ ಮಾತೊಂದನ್ನು ಬಿಟ್ಟು. ಮಾರುಕಟ್ಟೆಯಲ್ಲಿ ಒಂದು ಗಜ ಬಟ್ಟೆಯ ಲೆಕ್ಕವನ್ನೂ ತಪ್ಪಲು ಬಿಡದ ನೀವು ಈ ರಸೀದಿಯ ಮುಂದೆ ಯಾಕೆ ತಲೆ ತಗ್ಗಿಸಿದಿರಿ? ಲೆಕ್ಕವನ್ನು ಮತ್ತೊಮ್ಮೆ ನೋಡಿ. ಹೋಟೆಲಿನವರ ನಿಯಮದ ಪ್ರಕಾರವೇ 15ರ ದಿನ ಮುಗಿಯುವುದು 16ರ ಮಧ್ಯಾಹ್ನ 12ಕ್ಕೆ. ನೀವು ಹನ್ನೊಂದೂವರೆಗೆ ಹೊರಟಿರಿ. ಅಂದರೆ ನೀವು ಮಲಗಿದ್ದು 15ರ ಲೆಕ್ಕದ ರೂಮಿನಲ್ಲಿ ಮಾತ್ರ. 16ರ ಲೆಕ್ಕದ ರೂಮಿಗೆ ನೀವು ಕಾಲೇ ಇಡಲಿಲ್ಲ. ಎದುರಿಗೆ ನಿಂತಿದ್ದವರು ನಿಮ್ಮ ಕಾದಿರಿಸುವಿಕೆಯನ್ನು ಒಂದು ತಾರೀಖು ಹಿಂದಕ್ಕೆ ಸರಿಸಿ ಬರೆದುಕೊಂಡಿದ್ದರೆ ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಮಾಡದೆ, ಒಂಬತ್ತು ಗಂಟೆಯೂ ತುಂಬದ ವಾಸಕ್ಕೆ ಎರಡು ದಿನದ ಬಾಡಿಗೆ ತೆಗೆದುಕೊಂಡರು.

ಹೋಟೆಲಿನವರಿಗೂ ತಮ್ಮ ಕಷ್ಟ ಇದ್ದೇ ಇದೆ. ಹಾಸಿಗೆಯ ಬಟ್ಟೆ ಬದಲಿಸಬೇಕು, ಬಚ್ಚಲು ತೊಳೆಸಬೇಕು, ಕೆಲಸದವರ ಪಾಳಿಗೊಂದು ಗೊತ್ತಾದ ಹೊತ್ತು ಬೇಕು. ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ನಿಮಗಾದ ಗೊಂದಲದ ಬೇರು ಬೇರೆ ಕಡೆ ಇದೆ. ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯದವರೆಗೆ, 60 ಘಳಿಗೆ. ರೈಲ್ವೆಯ ದಿನ ನಡುರಾತ್ರಿ 12ರಿಂದ ನಡುರಾತ್ರಿ 12ರವರೆಗೆ. ಹೋಟೆಲಿನ ದಿನ ಮಧ್ಯಾಹ್ನ 12ರಿಂದ ಮಧ್ಯಾಹ್ನ 12ರವರೆಗೆ. ಬೆಳಗಿನ ಜಾವ 2.40 ಎಂಬುದು ಟಿಕೆಟ್ಟಿನಲ್ಲಿ 16, ಹೋಟೆಲಿನ ಪುಸ್ತಕದಲ್ಲಿ 15, ನಿಮ್ಮ ಅತ್ತೆಯವರನ್ನು ಕೇಳಿದರೆ ಇನ್ನೂ ನಿನ್ನೆಯ ರಾತ್ರಿ. ಟಿಕೆಟ್ಟು ನೋಡಿ ರೂಮು ಕಾದಿರಿಸಿದ ನೀವು ಮಾಡಿದ್ದು ಸರಿಯಾಗಿಯೇ ಇತ್ತು. ರೈಲು ನಿಲ್ದಾಣದ ಎದುರಿಗೆ ಅಂಗಡಿ ತೆರೆದವರು ರೈಲಿನ ಗಡಿಯಾರ ತಿಳಿದಿರಬೇಕೆಂಬುದು ನನ್ನ ಬಹುಕಾಲದ ನಂಬಿಕೆ, ಅದನ್ನು ಈ ಪುಟಗಳಲ್ಲಿ ಹಿಂದೆಯೂ ಬರೆದಿದ್ದೇನೆ.

1986ರಲ್ಲಿ ನಾನು ಇದೇ ದಾವಣಗೆರೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆಂದು ಬಂದಿಳಿದಾಗ ಮೀಟರ್ ಗೇಜ್ ಕಾಲ. ರೈಲು ಮೂರು ತಾಸು ತಡವಾಗಿ, ಬೆಳಗಿನ ಜಾವ ನಾಲ್ಕಕ್ಕೆ ತಲುಪಿತು. ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಲಾಡ್ಜಿನಲ್ಲಿ, ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ ಮ್ಯಾನೇಜರು ಎದ್ದು, ಗೋಡೆಯ ಗಡಿಯಾರ ನೋಡಿ, ಲೆಡ್ಜರಿನಲ್ಲಿ ಕೆಂಪು ಶಾಯಿಯಿಂದ ‘4.10’ ಎಂದು ಬರೆದುಕೊಂಡರು. ‘ನಾಳೆ ನಾಲ್ಕು ಹತ್ತರವರೆಗೆ ರೂಮು ನಿಮ್ಮದು, ಸ್ನಾನಕ್ಕೆ ಬಿಸಿನೀರು ಐದೂವರೆಗೆ ಬರುತ್ತದೆ’ ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟರು. ಕಂಪ್ಯೂಟರಿಲ್ಲದ ಆ ಮನುಷ್ಯ ಮೂವತ್ತು ರೂಮುಗಳ ಮೂವತ್ತು ಬೇರೆ ಬೇರೆ ಹೊತ್ತುಗಳನ್ನು ಒಂದೇ ಲೆಡ್ಜರಿನಲ್ಲಿ ನಿಭಾಯಿಸುತ್ತಿದ್ದರು. ಇಂದು ನಿಮಿಷದ ಲೆಕ್ಕವನ್ನೂ ತಾನೇ ಇಡಬಲ್ಲ ಯಂತ್ರ ಮುಂದಿರುವಾಗ ‘ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ’ ಎಂಬ ಉತ್ತರ ಬರುತ್ತದೆ. ನನ್ನ ತಂದೆಯವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಬೇರೊಂದು ಊರಿನ ಹೋಟೆಲಿನಲ್ಲಿ ಆ ಉತ್ತರ ಕೇಳಿ, ಕಣ್ಣಿಗೆ ಪಟ್ಟಿ ಕಟ್ಟಿದ್ದ ಅವರನ್ನು ಲಾಬಿಯ ಕುರ್ಚಿಯಲ್ಲಿ ಏಳು ತಾಸು ಕೂರಿಸಿಕೊಂಡಿದ್ದೆ. ಮೇಲಿನ ಮಹಡಿಯಲ್ಲಿ ರೂಮುಗಳು ಖಾಲಿಯಿದ್ದವು. ಅದನ್ನು ನಾನು ಇಂದಿಗೂ ಮರೆತಿಲ್ಲ.

ಗುಬ್ಬಿ ತೋಟದಪ್ಪನವರ ಹೆಸರನ್ನು ನೀವು ಕೇಳಿರುತ್ತೀರಿ. ಅವರೂ ನಿಮ್ಮ ಹಾಗೆ ವ್ಯಾಪಾರ ಮಾಡಿದವರೇ. ಬೆಂಗಳೂರಿಗೆ ಬಂದಿಳಿದವರಿಗೆ ತಂಗಲು ಜಾಗವಿಲ್ಲದ್ದನ್ನು ಕಂಡು, ರೈಲು ನಿಲ್ದಾಣದ ಸಮೀಪದಲ್ಲೇ ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಧರ್ಮಛತ್ರದ ಔದಾರ್ಯವನ್ನು ಬಾಡಿಗೆಯ ಹೋಟೆಲಿನಿಂದ ನಾನು ಕೇಳುತ್ತಿಲ್ಲ. ಆದರೆ ಆ ಜಾಗವನ್ನು ಅವರು ಆರಿಸಿದ್ದು ಯಾಕೆಂದು ನೆನೆಯಿರಿ: ಅಪರಿಚಿತ ಊರಿನಲ್ಲಿ ಗಂಟುಮೂಟೆ ಹಿಡಿದು ಹೊತ್ತಲ್ಲದ ಹೊತ್ತಿನಲ್ಲಿ ಇಳಿದವರು ಹೆಚ್ಚು ದೂರ ನಡೆಯಬಾರದು ಎಂದು. ಇನ್ನು ಬಾಡಿಗೆಯ ಮಾತೇ ಆದರೆ, ಬ್ರಿಟಿಷರು 1867ರಲ್ಲಿ ತಂದ ಸರಾಯ್ ಕಾಯಿದೆಯಲ್ಲಿ ತಂಗುದಾಣದ ಒಡೆಯನ ಕರ್ತವ್ಯಗಳ ಪಟ್ಟಿಯೇ ಇದೆ. ಕೋಣೆ, ಜಗಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು, ಕಾವಲುಗಾರರನ್ನು ಇಡಬೇಕು ಎಂಬುದರ ಜೊತೆಗೆ, ಬಾಡಿಗೆಯ ದರಪಟ್ಟಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಹೇಳಿದ ಜಾಗದಲ್ಲಿ, ಹೇಳಿದ ಭಾಷೆಗಳಲ್ಲಿ ತೂಗುಹಾಕಬೇಕು ಎಂದೂ ಅದು ವಿಧಿಸಿತ್ತು. ಎತ್ತಿನ ಗಾಡಿಯ ಪ್ರಯಾಣಿಕನಿಗೂ ದರ ತನಗೆ ತಿಳಿಯುವ ಭಾಷೆಯಲ್ಲಿ ಕಾಣಬೇಕೆಂಬ ವಿವೇಕ ಆ ಪರಕೀಯ ಸರ್ಕಾರಕ್ಕಿತ್ತು.

ರೈಲ್ವೆಯವರಂತೂ ತಮ್ಮ ವಿಶ್ರಾಂತಿ ಕೊಠಡಿಗಳನ್ನು 12 ಗಂಟೆಗೆ, 24 ಗಂಟೆಗೆ ಎಂದು ಕೊಡುತ್ತಾ ಬಂದಿದ್ದಾರೆ. ನಿಲ್ದಾಣದ ಒಳಗೆ ಸಾಧ್ಯವಾದದ್ದು ನಿಲ್ದಾಣದ ಎದುರಿಗೆ ಯಾಕೆ ಅಸಾಧ್ಯ?

ನನಗೆ ಕಾಣುವ ಕಾರಣ ಇಷ್ಟು. ಈಗಿನ ಮಧ್ಯಮ ದರ್ಜೆಯ ಹೋಟೆಲುಗಳು ತಮ್ಮ ನಿಯಮಗಳನ್ನು ಬರೆದುಕೊಂಡಿರುವುದು ಕಾರಿನಲ್ಲಿ ಬರುವವರಿಗಾಗಿ. ಕಾರಿನವರು ತಮಗೆ ಬೇಕಾದಾಗ ಹೊರಟು ಮಧ್ಯಾಹ್ನದ ಮೇಲೆ ಬಂದು ಸೇರಬಲ್ಲರು. ಹೆದ್ದಾರಿಯ ಬದಿಯ ಹೋಟೆಲಿಗೆ ಒಪ್ಪುವ ಆ ನಿಯಮವನ್ನು ಅಕ್ಷರವೂ ಬದಲಿಸದೆ ನಿಲ್ದಾಣದ ರಸ್ತೆಗೆ ತಂದು ಹಚ್ಚಿದ್ದಾರೆ. ನಿಮ್ಮ ಚಿತ್ರದುರ್ಗದ ನಿಲ್ದಾಣ ಚಿಕ್ಕಜಾಜೂರಿನಿಂದ ಕವಲೊಡೆದ ಮಾರ್ಗದಲ್ಲಿರುವುದರಿಂದ, ಹುಬ್ಬಳ್ಳಿಯ ಕಡೆಯಿಂದ ಬರುವ ನಿಮ್ಮಂಥವರು ದಾವಣಗೆರೆಯಲ್ಲೇ ಇಳಿದು ಬೆಳಗಾಗುವುದನ್ನು ಕಾಯಬೇಕಾಗುತ್ತದೆ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಆರಂಭವಾಗಿ ದಾವಣಗೆರೆಗೂ ನಿಲುಗಡೆ ಸಿಕ್ಕಿತು. ಹಗಲು ಬಂದು ಹಗಲೇ ಹಿಂತಿರುಗಬಲ್ಲವರಿಗೆ ಇನ್ನು ಹೋಟೆಲಿನ ಹಂಗು ಕಡಿಮೆ. ರೂಮು ಕೇಳಿಕೊಂಡು ಬರುವವರಲ್ಲಿ ರಾತ್ರಿ ರೈಲಿನವರೇ ಹೆಚ್ಚಾಗುವಾಗ ಅವರನ್ನೇ ದಂಡಿಸುವುದು ವ್ಯಾಪಾರದ ಜಾಣ್ಮೆಯೂ ಅಲ್ಲ.

ಸರ್ಕಾರ 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ಮೇಲಿನ ಜಿಎಸ್‌ಟಿಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಿತು. ನಿಮ್ಮ 2,200ರ ರೂಮಿನಲ್ಲಿ ಅದು 154 ರೂಪಾಯಿಯ ಉಳಿತಾಯ. ಇತ್ತ ಒಂದು ತಾರೀಖಿನ ನೆಪದಲ್ಲಿ 2,310 ರೂಪಾಯಿ ಹೋಯಿತು. ತೆರಿಗೆ ಎಷ್ಟೆಂದು ಬಜೆಟ್ಟಿನ ದಿನ ವಾದಿಸುವ ನಾವು, ಆ ತೆರಿಗೆ ಕಟ್ಟುವ ‘ಒಂದು ದಿನ’ ಎಂದರೆ ಎಷ್ಟು ಗಂಟೆ ಎಂದು ಕೇಳುವುದೇ ಇಲ್ಲ. ಬೆಳಗಿನ ಜಾವ ಇಳಿದ ಪರೀಕ್ಷೆಯ ಹುಡುಗರು, ಆಸ್ಪತ್ರೆಗೆಂದು ಬಂದ ಹಳ್ಳಿಯವರು, ಮಾದರಿಯ ಪೆಟ್ಟಿಗೆ ಹೊತ್ತ ಮಾರಾಟ ಪ್ರತಿನಿಧಿಗಳು ನಿಮ್ಮ ಹಾಗೆಯೇ ‘ನಿಯಮ ನಿಯಮವೇ’ ಎಂದು ಹಣ ಎಣಿಸಿಕೊಟ್ಟು ಹೋಗುತ್ತಿದ್ದಾರೆ.

ಮುಂದಿನ ಸಲ ಕಾದಿರಿಸುವಾಗ ತಾರೀಖನ್ನಷ್ಟೇ ಹೇಳಬೇಡಿ. ‘15 ಕಳೆದು 16ರ ಬೆಳಗಿನ ಜಾವ ಮೂರಕ್ಕೆ ಬರುತ್ತೇನೆ, ಹನ್ನೆರಡರೊಳಗೆ ಬಿಡುತ್ತೇನೆ, ಎಷ್ಟು ಬಾಡಿಗೆ?’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಈ ಸಲದ 16ರ ಬಾಡಿಗೆಯನ್ನು ಹಿಂತಿರುಗಿಸುವಂತೆ ಹೋಟೆಲಿನ ಮಾಲೀಕರಿಗೆ ಇಂದೇ ಒಂದು ಕಾಗದ ಬರೆಯಿರಿ. ನೀವು ಬಳಸದ ರೂಮಿನ ಹಣ ಅದು. ರಸೀದಿಯ ನಕಲೊಂದನ್ನು ನನಗೂ ಕಳುಹಿಸಿ. ಹೋಟೆಲಿನ ಹೆಸರನ್ನು ಅಚ್ಚು ಮಾಡುವುದಿಲ್ಲ. ರಸೀದಿಯ ಹಿಂಬದಿಯಲ್ಲಿ ನಿಯಮಗಳನ್ನು ಮುದ್ರಿಸಿದ್ದರೆ ಯಾವ ಭಾಷೆಯಲ್ಲಿ, ಎಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದಾರೆಂದು ನೋಡಬೇಕಾಗಿದೆ.